ಹದಿನೇಳನೆಯ ಕಲ್ಮನೆ

ಕೆಮ್ಮಣ್ಣಿಗೆ ಸಗಣಿ ಕಲಸಿ, ಇನ್ನೂ ಬೆಚ್ಚಗಿರುವ ಒಲೆಯ ಮೇಲೆ ಎಳೆದಾಗ ಏಳುವ ಒಂದು ವಾಸನೆಯಿದೆ. ನನ್ನ ಬಾಲ್ಯದ ಬೆಳಗುಗಳು ಆ ವಾಸನೆಯೊಳಗೇ ಕಣ್ಣು ಬಿಟ್ಟವು. ಅಜ್ಜಿ ನಸುಕಿನಲ್ಲೆದ್ದು ಒಲೆ ಸಾರಿಸುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಕಂಬಳಿಯೊಳಗೆ ಮುದುಡಿಕೊಂಡು, ಅರೆನಿದ್ದೆಯಲ್ಲಿ, ಅವಳ ಅಂಗೈ ಮಣ್ಣಿನ ಮೇಲೆ ಸರಕ್ ಸರಕ್ ಎಂದು ಓಡಾಡುವುದನ್ನು ಕೇಳುತ್ತಿದ್ದೆ. ನೋಡಿದ್ದು ಮಾತ್ರ ಒಂದು ದಿನವೂ ಇಲ್ಲ. ನಾನು ಏಳುವ ಹೊತ್ತಿಗೆ ಒಲೆ ಒಣಗಿ, ಉರಿ ಹೊತ್ತಿ, ಹಾಲು ಕಾದಿರುತ್ತಿತ್ತು. ನನಗೆ ಎಂಟು ತುಂಬುವುದರೊಳಗೆ ಮನೆಗೆ ಸೀಮೆಎಣ್ಣೆಯ ಸ್ಟವ್ ಬಂತು. ಒಲೆಯನ್ನು ಒಡೆದು ಆ ಜಾಗದಲ್ಲಿ ಅಕ್ಕಿಯ ಡಬ್ಬ ಇಟ್ಟರು. ಹೀಗಾಗಿ ಆ ಕೆಲಸ ನನ್ನ ಮೂಗಿಗೆ ಗೊತ್ತಿತ್ತು, ಕಿವಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ.

ಕಣ್ಣಿನ ಆ ತಿಳಿಗೇಡಿತನದಿಂದಲೇ ಮುಂದೆ ನಾನೊಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಈಗ ಹೇಳಿಕೊಳ್ಳುವುದರಿಂದ ಯಾರಿಗೂ ತೊಂದರೆಯಿಲ್ಲ. ಅದರಲ್ಲಿ ಪಾಲುಗೊಂಡವರ ಪೈಕಿ ನಾನೊಬ್ಬಳೇ ಉಳಿದಿದ್ದೇನೆ.

ಕಾಲೇಜು ಮುಗಿಸಿ ಎರಡು ವರ್ಷವಾಗಿತ್ತು. ಚಿತ್ರ ಬರೆಯುವ ಕೈ ಚೆನ್ನಾಗಿದೆಯೆಂದು ಒಬ್ಬ ಅಧ್ಯಾಪಕರು ಮಾಡಿದ ಶಿಫಾರಸಿನಿಂದ, ನಮ್ಮ ಸೀಮೆಯಿಂದ ತುಂಬ ದೂರದ ಒಂದು ಊರಿನ ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ನನಗೆ ಆರು ತಿಂಗಳ ಕೆಲಸ ಸಿಕ್ಕಿತು. ಬಂಡೆಗಳ ನಡುವೆ ಮನೆಗಳೋ ಮನೆಗಳ ನಡುವೆ ಬಂಡೆಗಳೋ ಎಂದು ಹೇಳಲಾಗದಂಥ ಊರು ಅದು. ಬೆಳಗಿನ ಹೊತ್ತು ಮಂಜು ಇಳಿದರೆ ಬಂಡೆಗಳು ತೇಲುತ್ತಿರುವಂತೆ ಕಾಣುತ್ತಿದ್ದವು. ಸಂಗ್ರಹಾಲಯದ ಮುಖ್ಯಸ್ಥರು ಸಾಲಿಮಠ ಸರ್. ನಿವೃತ್ತಿಗೆ ಒಂದೇ ವರ್ಷ ಬಾಕಿಯಿದ್ದ, ತೆಳ್ಳನೆಯ, ಮೆಲುಮಾತಿನ ಮನುಷ್ಯ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಮೊದಲ ದಿನ ಮೇಜಿಗೆ ಕೂತಾಗ ಅವರು ತಮ್ಮ ಕುರ್ಚಿಯನ್ನು ಕಿಟಕಿಯಿಂದ ದೂರಕ್ಕೆ ಎಳೆದುಕೊಂಡರು. ನನ್ನ ಹಾಳೆಯ ಮೇಲೆ ಅವರ ನೆರಳು ಬೀಳುತ್ತಿತ್ತಂತೆ. ಹಾಗೆ ಎಳೆದ ಕುರ್ಚಿ ನಾನು ಆ ಊರು ಬಿಡುವವರೆಗೂ ಅಲ್ಲೇ, ಕತ್ತಲ ಮೂಲೆಯಲ್ಲೇ ಇತ್ತು.

"ನೋಡು ತಂಗೀ, ನನ್ನ ಕಣ್ಣು ಮುಗದಾವ," ಎಂದಿದ್ದರು. "ನೀ ಏನು ಬರೀತಿ ಅದನ್ನ ನಾ ನೋಡಾಂವ. ಅಂದಮ್ಯಾಲ ಇದ್ದದ್ದು ಇದ್ದಂಗ ಬರಿ. ಚಂದ ಮಾಡಬ್ಯಾಡ."

ಊರಾಚೆಗೆ ಎರಡು ಹರದಾರಿ ದೂರದ ಗುಡ್ಡದ ಮೇಲೆ ಕಲ್ಲಿನ ಗೋರಿಗಳಿದ್ದವು. ನಾಲ್ಕು ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿಯ ಮಾಡು, ಒಂದು ಗೋಡೆಯಲ್ಲಿ ಊಟದ ತಟ್ಟೆಯಷ್ಟು ದುಂಡನೆಯ ಕಿಂಡಿ. ನಿಂತರೆ ನನ್ನ ಭುಜದ ಎತ್ತರ. ಸುಮಾರು ಮೂರು ಸಾವಿರ ವರ್ಷದ ಹಿಂದೆ ಯಾರೋ ತಮ್ಮವರ ಎಲುಬುಗಳನ್ನೂ ಅವರಿಗೆ ಬೇಕಾಗಬಹುದಾದ ಮಡಕೆಗಳನ್ನೂ ಆ ಕಿಂಡಿಯೊಳಗಿಂದ ಇಳಿಸಿ ಹೋಗಿದ್ದರು. ಊರವರು ಅವನ್ನು ಕಲ್ಮನೆ ಅನ್ನುತ್ತಿದ್ದರು. ಮೊಳದೆತ್ತರದ ಕುಳ್ಳ ಜನ ಅಲ್ಲಿ ಸಂಸಾರ ಮಾಡಿಕೊಂಡಿದ್ದರೆಂದು ಕತೆ ಹೇಳುತ್ತಿದ್ದರು. ಗಾಳಿ ಎದ್ದರೆ ಆ ಕಿಂಡಿಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತಿದ್ದವು, ಎಲ್ಲೋ ದೂರದಲ್ಲಿ ಸಭೆಯೊಂದು ನಡೆದ ಹಾಗೆ.

ಸರ್ ಯುವಕರಾಗಿದ್ದಾಗ, ದೊಡ್ಡ ಅಧಿಕಾರಿಯೊಬ್ಬರ ತಂಡದಲ್ಲಿ ಸಹಾಯಕರಾಗಿ, ಇದೇ ಗುಡ್ಡದ ಮುಂಭಾಗದ ಆರು ಕಲ್ಮನೆಗಳನ್ನು ಅಗೆದಿದ್ದರು. ನಮ್ಮ ಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದ ಕಪ್ಪು ಕೆಂಪು ಮಡಕೆಗಳೆಲ್ಲ ಆಗ ಸಿಕ್ಕವು. ಆದರೆ ಆ ಆರನ್ನೂ ಹಿಂದೆ ಯಾವಾಗಲೋ ಯಾರೋ ಕೆದಕಿದ್ದರು. ಕದಡದ ಒಂದೇ ಒಂದು ಕಲ್ಮನೆ, ಕಟ್ಟಿದವರೇ ಮುಚ್ಚಿ ಹೋದಂಥದ್ದು, ಜೀವಮಾನದಲ್ಲಿ ಒಮ್ಮೆ ನೋಡಬೇಕೆಂಬುದು ಸರ್ ಆಸೆ.

ಆ ಆಸೆ ಅವರಿಗೆ ಎಲ್ಲಿ ಹತ್ತಿತೆಂಬುದನ್ನು ಮಧ್ಯಾಹ್ನದ ಚಹಾದ ಹೊತ್ತಿನಲ್ಲಿ ಹೇಳುತ್ತಿದ್ದರು. ಒಂದು ವರ್ಷ ವಿದ್ಯಾರ್ಥಿವೇತನದ ಮೇಲೆ ಅವರು ಇಟಲಿಗೆ ಹೋಗಿದ್ದರು. ಅಲ್ಲಿ ರೋಮಿನವರಿಗಿಂತ ಮುಂಚೆ ಎಟ್ರುಸ್ಕನ್ನರೆಂಬ ಜನ ಇದ್ದರಂತೆ. ಬದುಕಿದ್ದವರ ಮನೆಗಳನ್ನು ಮರದಲ್ಲಿ ಕಟ್ಟಿ, ಸತ್ತವರ ಮನೆಗಳನ್ನು ಕಲ್ಲಿನಲ್ಲಿ ಕೊರೆದವರು. ಹೆಸರಾದ ಗೋರಿಗಳ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಿದ್ದರೆ, ಸರ್ ಮಾತ್ರ ಬಸ್ಸು ಹೋಗದ ಹಳ್ಳಿಗಳಿಗೆ ನಡೆದುಕೊಂಡು ಹೋಗಿ, ಗೋಧಿ ಹೊಲದ ನಡುವೆ, ಆಲಿವ್ ಮರಗಳ ಬುಡದಲ್ಲಿ ಹುಲ್ಲು ಮುಚ್ಚಿದ ಹೊಂಡಗಳಿಗೆ ಇಳಿದು ನೋಡುತ್ತಿದ್ದರಂತೆ. ಅಂಥ ಒಂದು ಕಡೆ, ಉಳುವಾಗ ಎತ್ತಿನ ಕಾಲು ಕುಸಿದು, ಯಾರೂ ಕಾಣದ ಗೋರಿಯೊಂದು ಬಾಯಿ ಬಿಟ್ಟಿತು. ಮೊದಲು ಇಳಿದ ಐವರಲ್ಲಿ ಇವರೂ ಒಬ್ಬರು.

"ಗೋಡೀ ತುಂಬ ನೀಲಿ ಹಕ್ಕಿ, ತಂಗೀ. ನಡುವ ಒಬ್ಬಾಂವ ಕೊಳಲು ಊದಾಕ ಹತ್ತ್ಯಾನ. ಗಂಡ ಹೆಂಡತಿ ಒಂದ ಮಂಚದ ಮ್ಯಾಲ ಒರಗಿ ಕೇಳಾಕ ಹತ್ತ್ಯಾರ. ನಿನ್ನೆ ಬರದಂಗ. ನಾವು ಐದೂ ಮಂದಿ ಮಾತ ಆಡಲಿಲ್ಲ."

"ಈಗಲೂ ಹಾಗೇ ಇದೆಯಾ ಸರ್?"

"ಮೂರನೇ ದಿನಕ್ಕ ಹಕ್ಕಿ ಬಿಳಚಿಕೊಂಡ್ವು. ವಾರದಾಗ ಬರೇ ಗೋಡಿ." ಅವರು ಚಹಾದ ಲೋಟವನ್ನು ತಡವಿ ಹುಡುಕಿ ಕೈಗೆತ್ತಿಕೊಂಡರು. "ನಮ್ಮ ಉಸಿರು ತಾಗಿ ಹೋದ್ವು, ಅಂದ್ರು ದೊಡ್ಡವರು. ಆದ್ರೂ ನಾ ನೋಡೀನಲ್ಲ. ಅಂಥಾದ್ದೊಂದು ನಮ್ಮ ಗುಡ್ಡದಾಗ ನೋಡಬೇಕು, ಪೂರಾ ಕತ್ತಲಾಗೂದ್ರೊಳಗ."

ಕತ್ತಲೆಂದರೆ ಯಾವ ಕತ್ತಲು ಎಂದು ನಾನು ಕೇಳಲಿಲ್ಲ.

ಗುಡ್ಡದ ಕಾವಲಿಗೆ ಇದ್ದವಳು ಹುಲಿಗೆವ್ವ. ಮೊದಲು ಅವಳ ಗಂಡ ಕಾವಲುಗಾರನಾಗಿದ್ದ. ಅವನು ಹೋದ ಮೇಲೆ ಅದೇ ಕೆಲಸ ಇವಳಿಗೆ ಬಂತು. ಗುಡ್ಡದ ಬುಡದಲ್ಲಿ ಒಂದು ಗುಡಿಸಲು, ನಾಲ್ಕು ಆಡು. ಐವತ್ತು ದಾಟಿದ, ಗಟ್ಟಿ ಮೈಕಟ್ಟಿನ ಹೆಂಗಸು. ನಾನು ಸೀರೆ ಎತ್ತಿ ಹಿಡಿದು ಬಂಡೆ ಹತ್ತಲು ಪರದಾಡುವುದನ್ನು ಮೊದಲ ದಿನ ಅವಳು ನೋಡಿದಳು. ಎರಡನೆಯ ದಿನ ಹೋದಾಗ ಕಡಿದಾದ ಜಾಗದಲ್ಲೆಲ್ಲ ನನ್ನ ಹೆಜ್ಜೆಯ ಅಳತೆಗೆ ಸರಿಯಾಗಿ ಕಲ್ಲು ಜೋಡಿಸಿಟ್ಟಿತ್ತು.

"ನೀವು ಇಟ್ಟಿರಾ?" ಎಂದೆ.

"ನಾ ಯಾಕ ಇಡಲ್ರೀ ಬಾಯಾರ? ಕುಳ್ಳ ಮಂದಿ ಇಟ್ಟಾರ. ಅವರ ಕಾಲೂ ನಿಮ್ಮಷ್ಟ ಗಿಡ್ಡ," ಎಂದು ಅವಳು ಮುಖ ಆಚೆ ತಿರುಗಿಸಿ ನಕ್ಕಳು.

ಜೀಪು ನಡೆಸುತ್ತಿದ್ದ ಖಾಜಾಹುಸೇನನಿಗೂ ಅವಳಿಗೂ ದಿನವೂ ಜಟಾಪಟಿ. ಅವನು ಮರದ ನೆರಳಿನಲ್ಲಿ ಉದ್ದಕ್ಕೆ ಮಲಗಿಕೊಂಡೇ, "ಏ ಹುಲಿಗೆವ್ವಾ, ನಿನ್ನ ಕುಳ್ಳರು ಇವತ್ತರ ಚಾ ಕಾಸ್ಯಾರೇನ?" ಅನ್ನುವನು. "ಕಾಸಿದ್ರು. ನೀ ಬರೂದು ನೋಡಿ ಕಲ್ಲ ಮುಚ್ಚಿಕೊಂಡ ಒಳಗ ಕುಂತ್ರು. ಅವರಿಗೂ ಅಂಜಿಕಿ ಐತಿ ನಿನ್ನ ಹೊಟ್ಟಿದು," ಎಂದು ಅವಳು ಹೇಳುವಳು. ನಾನು ಅವರ ಮಾತಿನ ನಡುವೆ ಅಳೆಯುತ್ತ, ಬರೆಯುತ್ತ ಹೋದೆ. ಒಂದು ತಿಂಗಳಲ್ಲಿ ಮುಂಭಾಗದ ಹದಿನಾರು ಕಲ್ಮನೆಗಳು ನನ್ನ ಹಾಳೆಗಿಳಿದವು. ಎಲ್ಲವೂ ಬಾಯಿ ತೆರೆದವು, ಎಲ್ಲವೂ ಖಾಲಿ.

ಗುಡ್ಡದ ಹಿಂಭಾಗಕ್ಕೆ ಯಾರೂ ಹೋಗುತ್ತಿರಲಿಲ್ಲ. ಮುಳ್ಳು ದಟ್ಟವಾಗಿತ್ತು, ಹೆಜ್ಜೇನು ಕಟ್ಟಿದ್ದವು. ನಾನು ಅತ್ತ ಕಡೆ ಹೆಜ್ಜೆ ಇಟ್ಟಾಗಲೆಲ್ಲ ಹುಲಿಗೆವ್ವ, "ಅಲ್ಲೇನಿಲ್ರೀ, ಬರೇ ಹುಳಾ," ಎಂದು ನನ್ನನ್ನು ತಿರುಗಿಸಿ ಕರೆತರುತ್ತಿದ್ದಳು. ಒಂದು ದಿನ ಅವಳ ಆಡೊಂದು ತಪ್ಪಿಸಿಕೊಂಡಿತೆಂದು ಅವಳು ಕೆಳಗೆ ಓಡಿದಳು. ಅದೇ ಹೊತ್ತಿಗೆ ಗಾಳಿಗೆ ನನ್ನ ಹಾಳೆಯೊಂದು ಹಾರಿ ಹಿಂಬದಿಗೆ ಹೋಯಿತು. ನಾನು ಅದರ ಹಿಂದೆ ಹೋದೆ. ಮುಳ್ಳಿನ ನಡುವೆ ಆಡು ನಡೆದಷ್ಟು ಸಣ್ಣ ದಾರಿಯಿತ್ತು. ದಾರಿಯ ಕೊನೆಗೆ, ಮುಂದಕ್ಕೆ ಬಾಗಿದ ದೊಡ್ಡ ಬಂಡೆಯೊಂದರ ಅಡಿಯಲ್ಲಿ, ಮಳೆ ಬಿಸಿಲು ತಾಗದ ಜಾಗದಲ್ಲಿ, ಒಂದು ಕಲ್ಮನೆ.

ಅದರ ಕಿಂಡಿ ಮುಚ್ಚಿತ್ತು. ದುಂಡನೆಯ ಕಲ್ಲೊಂದನ್ನು ಬಿರಡೆಯ ಹಾಗೆ ಕೂರಿಸಿ, ಸುತ್ತಲೂ ಮಣ್ಣಿನಿಂದ ಮೆತ್ತಿತ್ತು. ಮಣ್ಣಿನ ಮೇಲೆ ಬೆರಳ ಗುರುತುಗಳು: ನಾಲ್ಕು ನಾಲ್ಕು ಗೆರೆಗಳು ಒಟ್ಟಿಗೆ ಬಾಗಿ, ಕಿಂಡಿಯ ಸುತ್ತ ಅಲೆಅಲೆಯಾಗಿ ಸುತ್ತಿದ್ದವು. ಪ್ರತಿ ನಾಲ್ಕರಲ್ಲೂ ಮೂರನೆಯ ಗೆರೆ ಉಳಿದವಕ್ಕಿಂತ ಗಿಡ್ಡ. ಬೆರಳೊಂದು ತುಂಡಾಗಿದ್ದ ಕೈ.

ನಾನು ಮೊಣಕಾಲೂರಿ ಕೂತೆ. ಮುಖ ಹತ್ತಿರ ಒಯ್ದಾಗ ಏನೋ ಒಂದು ವಾಸನೆ, ತೀರ ತೆಳುವಾಗಿ, ಒಂದು ಉಸಿರಿನಷ್ಟು ಬಂದು ಹೋಯಿತು. ಕಂಬಳಿಯ ಬಿಸುಪು, ಅರೆನಿದ್ದೆ, ಸರಕ್ ಸರಕ್ ಸದ್ದು ಎಲ್ಲ ಎದೆಯೊಳಗೆ ಮಿಸುಕಿದವು. ಇದೇಕೆ ಈಗ ಅಜ್ಜಿಯ ನೆನಪು ಎಂದುಕೊಂಡೆ, ಅಷ್ಟೇ. ನಮ್ಮ ನಮೂನೆಯ ಹಾಳೆಯಲ್ಲಿ ಉದ್ದ, ಅಗಲ, ಎತ್ತರ, ದಿಕ್ಕು, ಸ್ಥಿತಿ ಎಂಬ ಅಂಕಣಗಳಿದ್ದವು, ವಾಸನೆಗೆ ಅಂಕಣವಿರಲಿಲ್ಲ. 'ಸ್ಥಿತಿ' ಎಂಬಲ್ಲಿ ನಾನು ಬರೆದೆ: 'ಮೂಲ ಮುಚ್ಚಳ ಭದ್ರ. ಕದಡಿಲ್ಲ.'

ಸಾಲಿಮಠ ಸರ್ ಆ ಚಿತ್ರವನ್ನು ಕಣ್ಣಿಗೆ ಮೂರಂಗುಲ ದೂರದಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಹಾಳೆಯನ್ನು ಮೇಜಿನ ಮೇಲಿಟ್ಟು, ನಾನು ಪೆನ್ಸಿಲಿನಲ್ಲಿ ಎಳೆದ ಗೆರೆಗಳ ಮೇಲೆ ತಮ್ಮ ನಾಲ್ಕು ಬೆರಳಿಟ್ಟು ಸವರಿದರು.

"ಹೆಣ್ಣುಮಗಳ ಕೈ ಅದು," ಎಂದರು. "ಉಂಗುರದ ಬೆರಳು ಗಿಡ್ಡ. ಮೂವತ್ತೈದು ವರ್ಷ ನಾ ಗಡಿಗಿ ನೋಡೀನಿ, ಮಣಿ ನೋಡೀನಿ, ಕಬ್ಬಿಣದ ಚೂರು ನೋಡೀನಿ. ಒಬ್ಬ ಮನುಷ್ಯಾರನ್ನ ನೋಡಿದ್ದಿಲ್ಲ. ಇವತ್ತು ನೀ ತೋರಿಸಿದಿ."

ಎರಡೇ ದಿನದಲ್ಲಿ ಎಲ್ಲ ನಿಶ್ಚಯವಾಯಿತು: ಬರುವ ಸೋಮವಾರ ಕಲ್ಮನೆ ತೆರೆಯುವುದು. ಮೇಲಿನ ಕಚೇರಿಗೆ ಅವರು ಬರೆದ ಪತ್ರವನ್ನು ಬೆರಳಚ್ಚು ಮಾಡಿದ್ದು ನಾನೇ. ಅದರ ಕೊನೆಯಲ್ಲಿ, ಇದನ್ನು ಪತ್ತೆಹಚ್ಚಿದ ಚಿತ್ರಗಾರ್ತಿಯನ್ನು ಕಾಯಂ ಮಾಡಬೇಕೆಂದು ಎರಡು ಸಾಲು ಇದ್ದವು. ಆ ಸಾಲು ಬೆರಳಚ್ಚಿಸುವಾಗ ನನಗೆ ನಾಚಿಕೆಯಾಗಿ, ಅವರ ಕಡೆ ನೋಡದೆ ಕೀಲಿಗಳನ್ನೇ ನೋಡಿದೆ.

ಸುದ್ದಿ ಕೇಳಿದ ಹುಲಿಗೆವ್ವ ಆಡಿನ ಹಗ್ಗವನ್ನು ಕೈಯಿಂದ ಬಿಟ್ಟುಬಿಟ್ಟಳು.

"ಅದೊಂದ ಬಿಡ್ರಿ ಬಾಯಾರ," ಎಂದಳು.

"ಯಾಕೆ?"

"ಉಳಿದಾವಲ್ರೀ ಹದಿನಾರು. ಮುಚ್ಚಿದ್ದನ್ನ ಯಾಕ ತೆಗೀಬೇಕು?"

ಖಾಜಾಹುಸೇನ ಜೀಪಿನ ಗಾಲಿಗೆ ಒರಗಿ ಕೂತಿದ್ದ. "ಯಾಕ, ಒಳಗ ನಿನ್ನ ಗಂಡನ ಬಂಗಾರ ಇಟ್ಟೀಯೇನ?" ಎಂದ. ಬೇರೆ ದಿನವಾಗಿದ್ದರೆ ಅವಳು ಅವನ ಏಳು ತಲೆಮಾರು ಜಾಲಾಡುತ್ತಿದ್ದಳು. ಅಂದು ಸೆರಗಿನೊಳಗೆ ಕೈ ಸುತ್ತಿಕೊಂಡು ಗುಡಿಸಲ ಕಡೆ ನಡೆದಳು. ಖಾಜಾಹುಸೇನನ ನಗು ಅರ್ಧಕ್ಕೇ ನಿಂತಿತು. "ನಾ ಏನರ ತಪ್ಪ ಅಂದ್ನೇನ್ರೀ ಬಾಯಾರ?" ಎಂದು ನನ್ನನ್ನು ಕೇಳಿದ.

ಶನಿವಾರ ಮಧ್ಯಾಹ್ನ, ಕಿಂಡಿಯ ಅಳತೆಗಳನ್ನು ಮತ್ತೊಮ್ಮೆ ತಾಳೆ ನೋಡಿ ಗುಡ್ಡ ಇಳಿಯುತ್ತಿದ್ದೆ. ಚಳಿಗಾಲದ ಬಿಸಿಲು, ಆದರೂ ಬಾಯಾರಿತ್ತು. ಗುಡಿಸಲ ಬಾಗಿಲು ತೆರೆದಿತ್ತು. ನೀರು ಕೇಳಲೆಂದು ಬಗ್ಗಿ ಒಳಗೆ ಇಣುಕಿದೆ.

ಮೊದಲು ಬಂದದ್ದು ವಾಸನೆ. ಕೆಮ್ಮಣ್ಣು, ಸಗಣಿ, ಬೆಚ್ಚನೆಯ ಬೂದಿ. ಅದರ ಹಿಂದೆಯೇ ಸದ್ದು. ಹುಲಿಗೆವ್ವ ನನಗೆ ಬೆನ್ನು ಹಾಕಿ, ಕುಕ್ಕರಗಾಲಿನಲ್ಲಿ ಕೂತು ಒಲೆ ಸಾರಿಸುತ್ತಿದ್ದಳು. ಅವಳ ಕೈ ಒಲೆಯ ಬಾಯಿಯ ಸುತ್ತ ಬಾಗಿ ಹೋಗಿ, ಎದ್ದು, ಮತ್ತೆ ಬಾಗಿ ಹೋಗುತ್ತಿತ್ತು. ಕೈ ಹೋದಲ್ಲೆಲ್ಲ ನಾಲ್ಕು ಗೆರೆಗಳು ಒಟ್ಟಿಗೆ ಏಳುತ್ತಿದ್ದವು. ಮೂರನೆಯದು ಗಿಡ್ಡ.

ಜೀವನದಲ್ಲಿ ಮೊದಲ ಸಲ ನಾನು ಒಲೆ ಸಾರಿಸುವುದನ್ನು ಕಣ್ಣಾರೆ ನೋಡುತ್ತಿದ್ದೆ. ಒಂದು ತಿಂಗಳಿಂದ ಅವಳು ನನಗೆ ನೀರು ಕೊಟ್ಟಿದ್ದಳು, ಬಂಡೆ ಹತ್ತುವಾಗ ಕೈ ನೀಡಿದ್ದಳು. ಅವಳು ಚೊಂಬು ಚಾಚಿದಾಗ ನಾನು ನೀರನ್ನು ನೋಡಿದ್ದೆ, ಕೈಯನ್ನು ನೋಡಿರಲಿಲ್ಲ.

ಅವಳು ತಿರುಗಿದಳು. ನನ್ನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು, ಒಲೆ ನೋಡಿದಳು.

"ಸಣ್ಣಾಕಿದ್ದಾಗ ಕುಡುಗೋಲಿಗೆ ಹೋತ್ರೀ," ಎಂದಳು. ನಾನು ಕೇಳಿರಲಿಲ್ಲ. "ಕುಂದರ್ರಿ. ಹೊಸಲಿ ಮ್ಯಾಲ ಬ್ಯಾಡ, ಒಳಗ ಬರ್ರಿ."

ನಾನು ಗೋಡೆಗೊರಗಿ ಕೂತೆ. ಅವಳು ಮಣ್ಣಿನ ಕೈಯನ್ನು ತೊಳೆಯಲಿಲ್ಲ. ಅದನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಹೇಳತೊಡಗಿದಳು.

"ನಾ ಮದಿವ್ಯಾಗಿ ಬಂದ ವರ್ಷ ರೀ. ಸಾಹೇಬ್ರ ದಂಡು ಬಂದು ಆರು ಮನಿ ತೆಗದ್ರು. ನಮ್ಮ ಮನಿಯವ್ರು ಅವರಿಗೆ ನೀರು ಹೊರತಿದ್ರು. ಗಡಿಗಿ ಸಿಕ್ಕ್ವು, ಮಣಿ ಸಿಕ್ಕ್ವು. ಒಂದೊಂದನ್ನೂ ಹತ್ತ್ಯಾಗ ಸುತ್ತಿ, ಪೆಟಗ್ಯಾಗ ಇಟ್ಟು, ಕೂಸಿನ ಒಯ್ದಂಗ ಒಯ್ದ್ರು. ಎಲುಬು ಮಾತ್ರ ಮಣ್ಣಿನ ಗುಡ್ಡಿ ಮ್ಯಾಲ ಚೆಲ್ಲಿ ಹೋದ್ರು. ಗಡಿಗಿಗೆ ಹತ್ತಿ ಐತಿ, ಮನಶ್ಯಾರಿಗೆ ಒಂದ ತುಂಡು ಅರಿವಿ ಇಲ್ಲ. ನಾಯಿ ಎಳದಾಡಾಕ ಹತ್ತಿದ್ವು. ನಂಗ ರೊಟ್ಟಿ ಗಂಟಲದಾಗ ಇಳಿಯಾಕ ಒಲ್ಲದು."

"ಆಮೇಲೆ?"

"ಏನ ಮಾಡ್ಲಿ? ಉಡಿ ತುಂಬ ಆರಿಸಿಕೊಂಡ ಬಂದೆ. ಒಂದ ದಿನಕ್ಕ ಮುಗೀಲಿಲ್ಲ, ಹದಿನೈದು ದಿನ ಬೇಕಾತು. ಯಾರ ಕೈ ಯಾರದು, ಯಾರ ಕಾಲ ಯಾರದು, ನನಗೇನ ಗೊತ್ತು? ಹಿಂದಿನ ಮನಿ ಖಾಲಿ ಇತ್ತು. ಎಲ್ಲಾರನ್ನೂ ಅಲ್ಲೇ ಇಟ್ಟೆ. ಇಕ್ಕಟ್ಟಾಗತೈತಿ, ಹೊಂದಿಕೊಂಡ ಇರ್ರಿ, ಜಗಳಾ ಮಾಡಬ್ಯಾಡ್ರಿ ಅಂತ ಹೇಳಿ ಕಲ್ಲ ಮುಚ್ಚಿದೆ. ವರ್ಷಾ ಮಳಿಗಾಲ ಮುಗದ ಮ್ಯಾಲ ಬಾಯಿ ಸಾರಸ್ತೀನಿ. ಗಂಡಗೂ ಹೇಳಿದ್ದಿಲ್ಲ."

ಹೊರಗೆ ಆಡು ಕೂಗಿತು. ಅವಳು ಬಾಗಿಲ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿದಳು. "ಇನ್ನೊಮ್ಮೆ ಹೊರಗ ಹಾಕೂದಿಲ್ಲ ಅಂತ ಅವರಿಗೆ ಮಾತ ಕೊಟ್ಟೀನ್ರೀ. ಸೋಮವಾರ ನೀವು ತೆಗೀತೀರಿ. ನನಗ ಆರಸಾಕ ಈಗ ಕಣ್ಣಿಲ್ಲ, ಸೊಂಟ ಇಲ್ಲ." ಮೊಣಕಾಲ ಮೇಲಿನ ಕೈಯನ್ನು ನೋಡಿಕೊಂಡು, "ಹೇಳಬ್ಯಾಡ್ರಿ ಅಂತ ಹೆಂಗ ಅನ್ನಲಿ? ನೀವೂ ನೌಕರಿ ಮಾಡಾಕ ಬಂದೀರಿ," ಎಂದಳು. ಆಮೇಲೆ ಕೈ ತೊಳೆದುಕೊಂಡು, ನಾನು ಕೇಳಲು ಬಂದಿದ್ದ ನೀರನ್ನು ನಾನು ಕೇಳುವ ಮುಂಚೆಯೇ ಕೊಟ್ಟಳು.

ಆ ಸಂಜೆ ನಾನು ಊರೆಲ್ಲ ಸುತ್ತಿದೆ. ಬಂಡೆಗಳ ಮೇಲೆ ಬಿಸಿಲು ಕೆಂಪಾಗಿ, ನೀಲಿಯಾಗಿ, ಕೊನೆಗೆ ಆರಿಹೋಯಿತು. ನಾನು ಸುಮ್ಮನಿದ್ದರೆ ಏನಾಗುವುದೆಂದು ನನಗೆ ಸ್ಪಷ್ಟವಾಗಿತ್ತು. ಸೋಮವಾರ ಕಲ್ಲು ಸರಿಸುತ್ತಾರೆ. ಒಳಗೆ ಒಂದು ಮಡಕೆಯೂ ಇಲ್ಲದ ಎಲುಬಿನ ರಾಶಿ. ಅವನ್ನು ಗೋಣಿಚೀಲಕ್ಕೆ ತುಂಬುತ್ತಾರೆ. ಹೇಳಿದರೆ? ಮೊದಲು ನನ್ನ ಕೆಲಸ ಹೋಗುವುದು. ಅದನ್ನು ಹೇಗೋ ತಾಳಿಕೊಳ್ಳಬಹುದಿತ್ತು. ಕತ್ತಲಾಗುವುದರೊಳಗೆ ಆ ಕಾಲದ ಒಬ್ಬ ಹೆಣ್ಣುಮಗಳನ್ನು ಕಂಡೆನೆಂದು ನಂಬಿ ಕೂತಿದ್ದ ಆ ಮುದುಕರ ಮುಖವನ್ನು ಎದುರಿಸುವುದೇ ನನಗೆ ಆಗದ ಮಾತಾಗಿತ್ತು. ಹುಲಿಗೆವ್ವನ ಗತಿಯೇನು? ಕಾಯಲು ಇಟ್ಟವಳೇ ಕೈಯಾಡಿಸಿದಳೆಂದು ಅವಳನ್ನು ತೆಗೆದುಹಾಕಬಹುದು.

ಭಾನುವಾರ ಮಧ್ಯಾಹ್ನ ಸರ್ ಮನೆಗೆ ಹೋದೆ. ಸಂಗ್ರಹಾಲಯದ ಹಿಂದಿನ ಎರಡು ಕೋಣೆಗಳಲ್ಲಿ ಅವರು ಒಬ್ಬರೇ ಇದ್ದರು. ನನ್ನ ಚಿತ್ರವನ್ನು ಗೋಡೆಗೆ ಅಂಟಿಸಿ, ಅದರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸರ್, ಆ ಗುರುತು ಹಳೆಯದಲ್ಲ," ಎಂದೆ.

ಅವರು ತಿರುಗಲಿಲ್ಲ. "ಎಷ್ಟು ಹಳೇದು?"

"ಹೋದ ಮಳೆಗಾಲದ್ದು."

ಗೋಡೆಯ ಮೇಲೆ ಒಂದು ಗುಬ್ಬಚ್ಚಿಯ ನೆರಳು ಬಂದು ಕೂತು, ಹಾರಿಹೋಯಿತು. "ಯಾರು ಅಂತ ಕೇಳಂಗಿಲ್ಲ," ಎಂದರು ಕೊನೆಗೆ. "ಆ ಗುಡ್ಡಕ್ಕ ಇರಾಕಿ ಒಬ್ಬಾಕೀನ. ಒಳಗ ಏನದ?"

"ಎಲುಬುಗಳು ಸರ್. ಹಿಂದೆ ಯಾರೋ ಅಗೆದವರು ಮಣ್ಣಿನ ಗುಡ್ಡೆಯ ಮೇಲೆ ಬಿಟ್ಟುಹೋದವಂತೆ. ನಾಯಿಗಳು ಎಳೆದಾಡುತ್ತಿದ್ದವಂತೆ. ಆರಿಸಿ ತಂದು ಅಲ್ಲಿಟ್ಟಿದ್ದಾಳೆ. ಅವನ್ನು ಮತ್ತೆ ಹೊರಗೆ ಹಾಕುತ್ತಾರೆಂದು ಅವಳಿಗೆ ಭಯ."

ಸರ್ ಕನ್ನಡಕ ತೆಗೆದರು. ಪಂಚೆಯ ಚುಂಗಿನಿಂದ ಅದನ್ನು ಒರೆಸಿದರು, ಒರೆಸುತ್ತಲೇ ಇದ್ದರು. "ಎಷ್ಟು ಮನೀವು?" ಎಂದರು.

"ಆರು."

"ಹೋಗು ತಂಗೀ," ಎಂದರು. "ನಾಳೆ ಮುಂಜಾನೆ ಜೀಪಿಗೆ ಹಾರಿ, ಸಲಿಕಿ ಹಾಕಾಕ ಖಾಜಾಗ ಹೇಳು."

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವರು ಕನ್ನಡಕ ಹಾಕಿಕೊಂಡು ಮತ್ತೆ ಚಿತ್ರದ ಕಡೆ ನೋಡತೊಡಗಿದರು. ಹಾಗಾದರೆ ತೆರೆಯುತ್ತಾರೆ, ಎಂದುಕೊಂಡೆ.

ಸೋಮವಾರ ಮಂಜು ಬೇಗ ಸರಿಯಲಿಲ್ಲ. ಸರ್ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡು ಗುಡ್ಡ ಹತ್ತಿದರು. ಖಾಜಾಹುಸೇನ ಹಾರೆ ಹೊತ್ತು ಹಿಂದೆ ಬಂದ. ಹಿಂಬದಿಯ ಮುಳ್ಳುದಾರಿಯಲ್ಲಿ ಕೊಂಬೆಗಳನ್ನು ನಾನು ಸರಿಸುತ್ತ ಹೋಗುವಾಗ ಬೆಳ್ಳನೆಯ ಮಂಜಿನೊಳಗಿಂದ ಆ ಬಾಗಿದ ಬಂಡೆ ಮೆಲ್ಲಗೆ ಮೂಡಿತು. ಕಲ್ಮನೆಯ ಗೋಡೆಗೆ ಬೆನ್ನು ಕೊಟ್ಟು ಹುಲಿಗೆವ್ವ ಕೂತಿದ್ದಳು. ನಮ್ಮನ್ನು ನೋಡಿ ಎದ್ದು, ತಲೆ ಮೇಲೆ ಸೆರಗು ಹೊದ್ದು, ಪಕ್ಕಕ್ಕೆ ಸರಿದು ನಿಂತಳು.

ಸರ್ ಕಿಂಡಿಯನ್ನು ಕೈಯಿಂದ ತಡವಿದರು. ಆಮೇಲೆ ಅವಳತ್ತ ತಿರುಗಿ, "ನಿಮ್ಮ ಕೈ ಕೊಡ್ರಿ," ಎಂದರು.

ಅವಳು ಬೆಚ್ಚಿ ನನ್ನನ್ನು ನೋಡಿದಳು. ನಾನು ತಲೆಯಾಡಿಸಿದೆ. ಅವಳು ಬಲಗೈ ಮುಂದೆ ಚಾಚಿದಳು. ಸರ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ಗಿಡ್ಡ ಬೆರಳಿನ ತುದಿಯನ್ನು ಮುಟ್ಟಿ ನೋಡಿದರು.

"ನನ್ನ ಗುರುತು ಹಿಡದಿದ್ರೇನು?" ಎಂದರು.

"ಹೂಂ ರೀ. ಮೊದಲಿನ ದಿನಾನ."

ಆಗ ನನಗೆ ಹೊಳೆಯಿತು. ದೊಡ್ಡ ಅಧಿಕಾರಿಯ ತಂಡ, ಮುಂಭಾಗದ ಆರು ಕಲ್ಮನೆ, ಗಾಜಿನ ಪೆಟ್ಟಿಗೆಯ ಮಡಕೆಗಳು. ಇಷ್ಟು ದಿನ ನಾನು ಅವನ್ನು ಒಂದರ ಪಕ್ಕ ಒಂದಿಟ್ಟು ನೋಡಿರಲೇ ಇಲ್ಲ.

"ಹತ್ತ್ಯಾಗ ಸುತ್ತಿದಾಂವ ನಾನ," ಎಂದರು ಸರ್. "ಎಲುಬು ಏನ ಮಾಡೂದು ಸಾಹೇಬ್ರ ಅಂತ ಕೇಳಿದೆ. ಬಿಡು, ಅವು ಏನ ಹೇಳತಾವ ಅಂದ್ರು. ಬಿಟ್ಟು ಹೋದೆ. ಮೂವತ್ತೈದು ವರ್ಷದಾಗ ಒಂದ ದಿನ ನೆನಸಲಿಲ್ಲ." ಅವರು ಅವಳ ಕೈ ಬಿಟ್ಟರು. "ನೀವು ಇಷ್ಟು ವರ್ಷ ಒಂದ ಮಾತ ಯಾಕ ಅನಲಿಲ್ಲ ನನಗ?"

"ಏನ ಅನ್ನೂದ್ರೀ? ಆಗ ನೀವು ಸಣ್ಣವರಿದ್ರಿ. ಸಂಜೀಕ ಎಲ್ಲಾರೂ ಕೆಳಗ ಇಳದ ಮ್ಯಾಲ ನೀವೊಬ್ಬರ ಹಿಂದಕ್ಕ ತಿರುಗಿ ನಿಂತ ನೋಡತಿದ್ರಿ. ನಾ ಗಿಡದ ಮರಿಗೆ ಇದ್ದೆ, ನೋಡೀನಿ. ಇವರಿಗೆ ಗೊತ್ತೈತಿ, ಹೇಳಾಕ ಬಾಯಿಲ್ಲ ಅನಕೊಂಡೆ."

ಮಂಜು ತೆಳುವಾಗುತ್ತ ಬಂತು. ಖಾಜಾಹುಸೇನ ಹಾರೆಯನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಿಸಿ, ಮೆತ್ತಗೆ, "ಸರ್, ಹಾರಿ?" ಎಂದ.

"ಕೆಳಗ ಒಯ್ಯಿ," ಎಂದರು ಸರ್. "ತಂಗೀ, ನಮೂನಿ ಹಾಳಿ ಅದನೇನು? ಬರಿ. ಹದಿನೇಳನೆಯ ಕಲ್ಮನೆ. ಸ್ಥಿತಿ..." ಅವರು ಯೋಚಿಸಿದರು. "ಸ್ಥಿತಿ: ಮುಚ್ಚಿದೆ. ಒಳಗೆ ಜನರಿದ್ದಾರೆ. ತೆರೆಯತಕ್ಕದ್ದಲ್ಲ."

"ಹೀಗೇ ಬರೆಯಲಾ ಸರ್? ಮೇಲಿನವರು ಕೇಳಿದರೆ?"

"ಸಹಿ ನಂದು. ಇದ್ದದ್ದು ಇದ್ದಂಗ ಬರಿ ಅಂದಿದ್ದೆನಲ್ಲ."

ನಾನು ಹಾಗೆಯೇ ಬರೆದೆ. ಹಿಂದೆ ಬರೆದಿದ್ದ 'ಕದಡಿಲ್ಲ' ಎಂಬುದನ್ನು ಅಳಿಸಲು ಹೋದಾಗ, ಅದೂ ಇರಲಿ ಬಿಡು ಎಂದರು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಸ್ವಲ್ಪ ಸೊಟ್ಟಗೆ ಬಿತ್ತು. ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು, ಅವರು ಉತ್ತರಿಸಲಿಲ್ಲ. ನನ್ನ ಆರು ತಿಂಗಳು ಮುಗಿದ ಮೇಲೆ ಕೆಲಸ ಮುಂದುವರಿಯಲಿಲ್ಲ. ನಾನು ನಮ್ಮ ಸೀಮೆಗೆ ಮರಳಿ ಹುಡುಗಿಯರ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತ ಕೂದಲು ಬಿಳಿ ಮಾಡಿಕೊಂಡೆ. ಹುಲಿಗೆವ್ವನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಅವಳು ಕಾವಲಿಗೆ ಅಲ್ಲೇ ಇದ್ದಳೆಂದು ಖಾಜಾಹುಸೇನ ಒಮ್ಮೆ ಬರೆದಿದ್ದ.

ಆದರೆ ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಆ ದಿನದ ನಡುಹಗಲು. ನಾವು ಇಳಿಯಲು ಹೊರಟರೂ ಸರ್ ಹೊರಡಲಿಲ್ಲ. ಕಲ್ಮನೆಯ ಎದುರಿನ ಬಂಡೆಯ ಮೇಲೆ, ಒಬ್ಬರ ಮನೆಗೆ ಬಂದು ಕರೆಯುವವರೆಗೂ ಹೊರಗೆ ಕಾಯುವವರ ಹಾಗೆ ಕೂತುಬಿಟ್ಟರು. ಹೊತ್ತೇರಿತು. ಬಂಡೆಗಳು ಒಂದೊಂದಾಗಿ ಮಂಜಿನಿಂದ ಹೊರಬಂದು ತಮ್ಮ ತಮ್ಮ ಜಾಗದಲ್ಲಿ ನಿಂತವು.

ಹುಲಿಗೆವ್ವ ಬಂಡೆಯ ಸಂದಿಯಿಂದ ಒಂದು ಬಟ್ಟೆಯ ಗಂಟು ತೆಗೆದಳು. ಅದು ಅವಳೊಬ್ಬಳ ಮಧ್ಯಾಹ್ನದ ಬುತ್ತಿ. ಎರಡು ಜೋಳದ ರೊಟ್ಟಿ, ಅದರ ನಡುವೆ ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕಲ್ಲಿನ ಮೇಲಿಟ್ಟು ಜಜ್ಜಿ, ಒಂದು ರೊಟ್ಟಿಯ ಮೇಲೆ ಪಲ್ಯ ಹರಡಿ, ಸರ್ ಎದುರಿಗೆ ಹೋಗಿ ನಿಂತು ಚಾಚಿದಳು. ಅವರಿಗೆ ಕಾಣಲಿಲ್ಲ. ಅವಳು ಕರೆಯಲಿಲ್ಲ, ಕೆಮ್ಮಲೂ ಇಲ್ಲ. ಬಗ್ಗಿ, ಅವರ ಮೊಣಕಾಲ ಮೇಲಿದ್ದ ಅಂಗೈಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿ, ರೊಟ್ಟಿಯನ್ನು ಅದರ ಮೇಲಿಟ್ಟು, ಅವರ ಬೆರಳುಗಳು ಅದನ್ನು ಹಿಡಿದುಕೊಳ್ಳುವವರೆಗೂ ತನ್ನ ಕೈಯನ್ನು ಕೆಳಗೆ ಆನಿಸಿಕೊಂಡೇ ಇದ್ದಳು.